ಬಿಸಿ ಹೋಗುವ ದಾರಿ

ಕಂಪ್ಯೂಟರಿನ ಚರಿತ್ರೆ ಹೇಳಲು ಕೂತವರೆಲ್ಲ ಚಿಪ್ಪಿನ ಕತೆ ಹೇಳುತ್ತಾರೆ. ಆ ಚಿಪ್ಪಿನ ನೆತ್ತಿಯ ಮೇಲೆ ಕೂತು ಸದ್ದು ಮಾಡುತ್ತಾ ಧೂಳು ತಿನ್ನುವ ಲೋಹದ ಗಟ್ಟಿಯ ಕತೆ ಯಾರಿಗೂ ಬೇಡ. ಇವತ್ತು ನಾನು ಆ ಗಟ್ಟಿಯ ವಕಾಲತ್ತು ವಹಿಸಿದ್ದೇನೆ. ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸುವವರು ಪ್ರೊಸೆಸರಿಗೆಂದು ಬೇರೆಯದೇ ಕೂಲರ್ ಕೊಳ್ಳುವುದು ಈಗ ಮಾಮೂಲಾಗಿದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ನಿಂತು ಅವರು ಕೇಳುವ ಮೊದಲ ಪ್ರಶ್ನೆ, ‘ಯಾವುದು ಜಾಸ್ತಿ ತಂಪು ಮಾಡುತ್ತೆ?’ ಎಂಬುದು. ನನ್ನ ಪ್ರಕಾರ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಹೆಸರಿಗೆ ಕೂಲರ್ ಆದರೂ ಅದಕ್ಕೆ ತಂಪು ಹುಟ್ಟಿಸುವ ಶಕ್ತಿ ಇಲ್ಲ. ಉಗುರಿನಷ್ಟಗಲದ ಸಿಲಿಕಾನಿನಲ್ಲಿ ಹುಟ್ಟಿದ ಬಿಸಿಯನ್ನು ಕೋಣೆಯ ಗಾಳಿಗೆ ತಲುಪಿಸುವುದಷ್ಟೇ ಅದರ ಕೆಲಸ. ಆ ದಾರಿಯಲ್ಲಿ ಎಲ್ಲಿ ಇಕ್ಕಟ್ಟಿದೆಯೋ ಅಲ್ಲಿಯೇ ಬಿಸಿ ಕಟ್ಟಿಕೊಳ್ಳುತ್ತದೆ. ಉಳಿದ ಕಡೆ ಎಷ್ಟೇ ದುಡ್ಡು ಸುರಿದರೂ ಲಾಭವಿಲ್ಲ. ಕೂಲರಿನ ಚರಿತ್ರೆಯುದ್ದಕ್ಕೂ ನಡೆದದ್ದೆಂದರೆ, ಈ ಇಕ್ಕಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತ ಹೋದದ್ದು.

ಈ ಚರಿತ್ರೆಯ ಮೊದಲಿನ ಕಾಲು ಭಾಗವನ್ನು ಬೇಗ ಓಡಿಸಿಬಿಡೋಣ. 1976ರ ಕ್ರೇ-1 ಸೂಪರ್ ಕಂಪ್ಯೂಟರು ಸುಮಾರು 115 ಕಿಲೋವಾಟ್ ವಿದ್ಯುತ್ ನುಂಗುತ್ತಿತ್ತು. ಅದಕ್ಕೆ ಫ್ರಿಜ್ಜಿನಂತೆ ಫ್ರಿಯಾನ್ ಹರಿಸುವ ಕೊಳವೆಗಳಿದ್ದವು. 1985ರ ಕ್ರೇ-2ರಲ್ಲಂತೂ ಸರ್ಕಿಟ್ಟುಗಳನ್ನೇ ಫ್ಲೂರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿಟ್ಟರು. ಇದೆಲ್ಲ ಸರ್ಕಾರಗಳ, ದೊಡ್ಡ ಪ್ರಯೋಗಾಲಯಗಳ ಪಾಡು. ಮನೆಯ ಮೇಜಿನ ಮೇಲಿನ 286, 386 ಚಿಪ್ಪುಗಳ ನೆತ್ತಿ ಬರಿದಾಗಿಯೇ ಇತ್ತು. 1993ರಲ್ಲಿ ಸುಮಾರು 15 ವಾಟ್ ಬಿಸಿ ಕಾರುವ ಪೆಂಟಿಯಂ ಬಂದಾಗ ಹೀಟ್ ಸಿಂಕ್ ಎಂಬ ರೆಕ್ಕೆಗಳುಳ್ಳ ಪುಟ್ಟ ಲೋಹದ ಗಟ್ಟಿ ಮತ್ತು ಫ್ಯಾನ್ ಖಾಯಂ ಆದವು. ಆಗ ಇಕ್ಕಟ್ಟಿದ್ದದ್ದು ದಾರಿಯ ಕೊನೆಯಲ್ಲಿ, ಅಂದರೆ ಲೋಹದಿಂದ ಗಾಳಿಗೆ ದಾಟುವಲ್ಲಿ. ಅದಕ್ಕೆ ಮದ್ದು ಸುಲಭ: ರೆಕ್ಕೆಗಳನ್ನು ಹೆಚ್ಚಿಸು, ಫ್ಯಾನನ್ನು ಜೋರಾಗಿ ತಿರುಗಿಸು. ಈ ಮದ್ದು ತಲೆಗೇರಿ, 2000ದ ಸುಮಾರಿಗೆ 60 ಮಿಲಿಮೀಟರಿನ ಫ್ಯಾನುಗಳು ನಿಮಿಷಕ್ಕೆ 7000 ಸುತ್ತು ಸುತ್ತುತ್ತಾ ಕೋಣೆಯಲ್ಲಿ ಮಾತಾಡಲು ಬಿಡದಂತೆ ಕಿರುಚತೊಡಗಿದವು.

ಅದೇ ಹೊತ್ತಿಗೆ ಎಎಂಡಿಯ ಅಥ್ಲಾನ್ ಪ್ರೊಸೆಸರುಗಳು ಬಂದವು. ವೇಗದಲ್ಲಿ ಶೂರ, ರಕ್ಷಣೆಯಲ್ಲಿ ಬೆತ್ತಲೆ. ಸಿಲಿಕಾನಿನ ಮೇಲೆ ಲೋಹದ ಮುಚ್ಚಳವಿಲ್ಲ. ಕೂಲರಿನ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಒತ್ತುವಾಗ ಕೈ ಸ್ವಲ್ಪ ವಾಲಿದರೂ ಚಿಪ್ಪಿನ ಮೂಲೆ ಚೂರಾಗುತ್ತಿತ್ತು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ತಂತ್ರಜ್ಞಾನ ಪತ್ರಿಕೆ ಒಂದು ಚಿತ್ರೀಕರಣ ಮಾಡಿ ತೋರಿಸಿತು. ಆಟ ಓಡುತ್ತಿರುವಾಗಲೇ ಪ್ರೊಸೆಸರಿನ ಮೇಲಿಂದ ಕೂಲರನ್ನು ಕಿತ್ತರು. ಇಂಟೆಲಿನ ಪೆಂಟಿಯಂ 4 ತನ್ನ ವೇಗವನ್ನು ತಾನೇ ಇಳಿಸಿಕೊಂಡು ಕುಂಟುತ್ತಾ ಆಟ ಮುಂದುವರಿಸಿತು, ಅಥ್ಲಾನ್ ಸುಟ್ಟುಹೋಯಿತು. ಜನ ಅದನ್ನು ಎರಡು ಕಂಪನಿಗಳ ಜಗಳವೆಂದು ನೋಡಿ ಮರೆತರು. ನನಗೆ ಅದರಲ್ಲಿ ಕಾಣುವ ಪುರಾವೆ ಬೇರೆ: ಫ್ಯಾನು ಎಷ್ಟು ಬಲಶಾಲಿಯೆಂಬುದು ಆ ಕ್ಷಣದಲ್ಲಿ ಲೆಕ್ಕಕ್ಕೇ ಬರಲಿಲ್ಲ. ಲೋಹಕ್ಕೂ ಸಿಲಿಕಾನಿಗೂ ಇದ್ದ ಸಂಪರ್ಕ ತಪ್ಪಿದ್ದೇ ಸಾಕಾಯಿತು.

ಇನ್ನು ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಈ ಕತೆಯ ನಾಯಕ ಬರುವುದು ಕಂಪ್ಯೂಟರಿಗೆ ಸಂಬಂಧವೇ ಇಲ್ಲದ ಕೆಲಸದಿಂದ. 1963ರ ಜುಲೈ, ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್ ಪ್ರಯೋಗಾಲಯ. ಜಾರ್ಜ್ ಗ್ರೋವರ್ ಎಂಬ ಭೌತವಿಜ್ಞಾನಿಯ ಮುಂದಿದ್ದದ್ದು ಬಾಹ್ಯಾಕಾಶದ ಸಮಸ್ಯೆ: ನೌಕೆಯಲ್ಲಿ ಪರಮಾಣು ವಿದ್ಯುತ್ ಘಟಕ ಇಟ್ಟರೆ ಅದರ ಶಾಖವನ್ನು ಸಾಗಿಸುವುದು ಹೇಗೆ? ಪಂಪು ಇಟ್ಟರೆ ಕೆಟ್ಟಾಗ ರಿಪೇರಿ ಮಾಡುವವರಾರು? ಗ್ರೋವರ್ ಒಂದು ಕೊಳವೆಯನ್ನು ಯೋಚಿಸಿದರು. ಎರಡೂ ತುದಿ ಮುಚ್ಚಿದೆ, ಒಳಗಿನ ಗಾಳಿ ತೆಗೆದಿದೆ, ಒಂದಿಷ್ಟು ದ್ರವ ಮಾತ್ರ ಇದೆ. ಬಿಸಿ ತುದಿಯಲ್ಲಿ ದ್ರವ ಆವಿಯಾಗಿ, ಆ ಆವಿ ತಣ್ಣನೆಯ ತುದಿಗೆ ಧಾವಿಸಿ, ಅಲ್ಲಿ ಹನಿಗಟ್ಟಿ ಶಾಖ ಬಿಟ್ಟುಕೊಡುತ್ತದೆ. ಹನಿ ಹಿಂದಿರುಗುವುದು ಹೇಗೆಂಬುದೇ ಜಾಣತನ. ಕೊಳವೆಯ ಒಳಗೋಡೆಗೆ ಸೂಕ್ಷ್ಮ ರಂಧ್ರಗಳ ಪದರ ಹಚ್ಚಿದರು; ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಆ ಪದರ ದ್ರವವನ್ನು ಬಿಸಿ ತುದಿಗೆ ಮರಳಿ ಎಳೆಯುತ್ತದೆ. ಪಂಪಿಲ್ಲ, ಚಲಿಸುವ ಭಾಗವಿಲ್ಲ, ಗುರುತ್ವದ ಹಂಗೂ ಇಲ್ಲ. 1964ರಲ್ಲಿ ಗ್ರೋವರ್ ಮತ್ತು ಜೊತೆಗಾರರು ಪ್ರಬಂಧ ಪ್ರಕಟಿಸಿದರು. ಗೊತ್ತಿರುವ ಯಾವ ಲೋಹಕ್ಕಿಂತಲೂ ಚೆನ್ನಾಗಿ ಶಾಖ ಸಾಗಿಸುವ ರಚನೆ ಇದು ಎಂದು ಸಾರಿದರು. ಹೀಟ್ ಪೈಪ್ ಎಂಬ ಹೆಸರೂ ಅವರದೇ. ಇಲ್ಲೊಂದು ವಿಷಾದ ಹೇಳಲೇಬೇಕು. ಜನರಲ್ ಮೋಟಾರ್ಸಿನ ರಿಚರ್ಡ್ ಗಾಗ್ಲರ್ ಎಂಬ ಎಂಜಿನಿಯರ್ ಇದೇ ಉಪಾಯವನ್ನು ಫ್ರಿಜ್ಜಿಗಾಗಿ ಯೋಚಿಸಿ, 1942ರಲ್ಲಿ ಅರ್ಜಿ ಹಾಕಿ, 1944ರಲ್ಲಿ ಪೇಟೆಂಟ್ ಪಡೆದಿದ್ದರು. ಯಾರಿಗೂ ಅದು ಬೇಕಾಗಲಿಲ್ಲ. ಎರಡು ದಶಕ ಅದು ಕಡತದಲ್ಲಿ ಮಲಗಿತ್ತು. ಗ್ರೋವರ್ ಅದನ್ನು ಹೊಸದಾಗಿಯೇ ಕಂಡುಹಿಡಿಯಬೇಕಾಯಿತು.

ಆ ಕೊಳವೆ ನಮ್ಮ ಮೇಜಿಗೆ ಬಂದದ್ದು ಮೊದಲು ಲ್ಯಾಪ್‌ಟಾಪಿನ ಇಕ್ಕಟ್ಟಿನಲ್ಲಿ, ಆಮೇಲೆ ಡೆಸ್ಕ್‌ಟಾಪಿನಲ್ಲಿ, ಅದೂ ಗತಿಯಿಲ್ಲದೆ. 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ತೋರಿಸಿದ್ದ ಸೂತ್ರದಂತೆ, ಟ್ರಾನ್ಸಿಸ್ಟರು ಕಿರಿದಾದಷ್ಟೂ ವೋಲ್ಟೇಜನ್ನೂ ಇಳಿಸಿದರೆ ಅದೇ ಜಾಗದಲ್ಲಿ ಶಾಖ ಹೆಚ್ಚುವುದಿಲ್ಲ. ಮೂರು ದಶಕ ಉದ್ಯಮ ಈ ವರದಾನದಲ್ಲಿ ಬದುಕಿತು, ಆಮೇಲೆ ಅದು ಕೈಕೊಟ್ಟಿತು. 2001ರಲ್ಲೇ ಇಂಟೆಲಿನ ಪ್ಯಾಟ್ ಗೆಲ್ಸಿಂಗರ್, ಹೀಗೇ ಹೋದರೆ ಚಿಪ್ಪಿನ ಶಾಖ ಸಾಂದ್ರತೆ ಪರಮಾಣು ರಿಯಾಕ್ಟರಿನ ಮಟ್ಟ ಮುಟ್ಟುತ್ತದೆಂದು ಎಚ್ಚರಿಸಿದ್ದರು. 2004ರ ಪ್ರೆಸ್ಕಾಟ್ ಪೆಂಟಿಯಂ 4ರಲ್ಲಿ 112 ಚದರ ಮಿಲಿಮೀಟರ್ ಸಿಲಿಕಾನು 100 ವಾಟ್ ದಾಟಿತು. ಅದೇ ವರ್ಷ ಇಂಟೆಲ್ ಅದರ ಉತ್ತರಾಧಿಕಾರಿ ತೇಹಾಸನ್ನು ಕೈಬಿಟ್ಟಿತು, 4 ಗಿಗಾಹರ್ಟ್ಸ್ ಪೆಂಟಿಯಂ ಯೋಜನೆಯನ್ನೂ ಮಡಚಿಟ್ಟಿತು. ಇಷ್ಟು ಬಿಸಿಯನ್ನು ಗಟ್ಟಿ ತಾಮ್ರವೂ ದೂರದ ರೆಕ್ಕೆಯ ತುದಿಯವರೆಗೆ ಒಯ್ಯಲಾರದು. ಇಕ್ಕಟ್ಟು ಈಗ ಲೋಹದ ನಡುವಿಗೆ ಬಂದಿತ್ತು. ಹೀಟ್ ಪೈಪ್ ಅದನ್ನು ಬಿಡಿಸಿತು. ರೆಕ್ಕೆಗಳು ಚಿಪ್ಪಿನಿಂದ ಒಂದು ಗೇಣು ಮೇಲೆ ಗೋಪುರದ ಹಾಗೆ ಎದ್ದವು, 120, 140 ಮಿಲಿಮೀಟರಿನ ಫ್ಯಾನುಗಳು ನಿಧಾನ ತಿರುಗಿದರೂ ಸಾಕಾಯಿತು, ಮನೆ ಮೌನವಾಯಿತು. ಕೂಲರ್ ಮಾಸ್ಟರಿನ ಹೈಪರ್ 212 ನಾಲ್ಕೇ ಕೊಳವೆಗಳಲ್ಲಿ ಬಡವರ ಬಂಧುವಾಯಿತು. ಆಸ್ಟ್ರಿಯಾದ ನಾಕ್ಟುವಾ 2014ರಲ್ಲಿ ತಂದ ಎನ್‌ಎಚ್-ಡಿ15ರಲ್ಲಿ ಆರು ಕೊಳವೆ, ಎರಡು ಫ್ಯಾನು, 165 ಮಿಲಿಮೀಟರ್ ಎತ್ತರ. ಅದರ ಕಂದು ಬಣ್ಣವನ್ನು ಆಡಿಕೊಳ್ಳುವವರಿದ್ದಾರೆ. ಬಣ್ಣಬಣ್ಣದ ದೀಪಗಳಿಗಿಂತ ನನಗೆ ಆ ಕಂದೇ ವಾಸಿ.

ಗೋಪುರ ಇಷ್ಟು ಸಮರ್ಥವಾದ ಮೇಲೆ ಇಕ್ಕಟ್ಟು ಉಳಿದದ್ದು ಕೀಲಿನಲ್ಲಿ, ಚಿಪ್ಪಿನ ಮುಚ್ಚಳಕ್ಕೂ ಕೂಲರಿನ ತಳಕ್ಕೂ ನಡುವೆ. ಎರಡೂ ನುಣ್ಣಗೆ ಕಂಡರೂ ಸೂಕ್ಷ್ಮ ಗುಂಡಿಗಳಿವೆ, ಅಲ್ಲಿ ಗಾಳಿ ಕೂರುತ್ತದೆ. ವಾಟ್/ಮೀಟರ್-ಕೆಲ್ವಿನ್ ಲೆಕ್ಕದಲ್ಲಿ ಗಾಳಿಯ ಶಾಖವಾಹಕತೆ 0.026ರಷ್ಟು, ಆ ಗುಂಡಿಗಳನ್ನು ತುಂಬಲು ಹಚ್ಚುವ ಥರ್ಮಲ್ ಪೇಸ್ಟಿನದು ಅದರ ನೂರಾರು ಪಟ್ಟು, ತಾಮ್ರದ್ದು ಸುಮಾರು 400. ಅಂದರೆ ಪೇಸ್ಟು ಗಾಳಿಗಿಂತ ಎಷ್ಟೋ ಮೇಲು, ತಾಮ್ರಕ್ಕಿಂತ ಎಷ್ಟೋ ಕೀಳು. ಹಾಗಾಗಿ ಬಟಾಣಿ ಗಾತ್ರದ ಒಂದು ಹನಿ ಸಾಕು. ಅದನ್ನು ತೆಳ್ಳಗೆ ಹರಡುವುದು ಒತ್ತಡದ ಕೆಲಸ. ಒಂದು ಸ್ಕ್ರೂವನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ತಳ ವಾಲುತ್ತದೆ. ಎದುರುಬದುರು ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯಬೇಕು. ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆಯೇ ಕೂರಿಸಿ ಕಂಪನಿಯನ್ನು ಬೈಯುವವರು ಇವತ್ತಿಗೂ ಇದ್ದಾರೆ. 2021ರಲ್ಲಿ ಬಂದ ಇಂಟೆಲಿನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಕೊಂಡಿಯ ಒತ್ತಡಕ್ಕೆ ಉದ್ದನೆಯ ಪ್ರೊಸೆಸರಿನ ಮುಚ್ಚಳವೇ ಸ್ವಲ್ಪ ಬಾಗುತ್ತದೆಂದು ಗೊತ್ತಾದಾಗ, ಬೇರೆ ಕಂಪನಿಗಳು ಅದನ್ನು ಸರಿಪಡಿಸುವ ಚೌಕಟ್ಟನ್ನೇ ಮಾರತೊಡಗಿದವು. ಆಯ್ಕೆಯಲ್ಲೂ ಇದೇ ನ್ಯಾಯ. ಕ್ಯಾಬಿನೆಟ್ಟು ಎಷ್ಟು ಎತ್ತರದ ಕೂಲರನ್ನು ಹಿಡಿಸುತ್ತದೆ, ಮುಂದಿನ ಫ್ಯಾನು ರ್‍ಯಾಮಿಗೆ ತಾಗುತ್ತದೆಯೇ, ಸಾಕೆಟ್ಟಿನ ಬ್ರಾಕೆಟ್ ಡಬ್ಬಿಯಲ್ಲಿದೆಯೇ ಎಂದು ನೋಡಿ ಆಮೇಲೆ ಬೆಲೆ ಕೇಳಿ. ಪ್ರೊಸೆಸರಿನ ಡಬ್ಬಿಯ ಮೇಲಿನ ವಾಟ್ ಲೆಕ್ಕವನ್ನು ಮಾತ್ರ ನಂಬಬೇಡಿ: ಕೋರ್ ಐ7-12700ಕ್ಕೆ 65 ವಾಟ್ ಎಂದಿರುತ್ತದೆ, ತಾನೇ ವೇಗ ಏರಿಸಿಕೊಳ್ಳುವ ಟರ್ಬೋದಲ್ಲಿ ಅದು 180 ವಾಟ್‌ವರೆಗೆ ಹೋಗಬಲ್ಲದು.

‘ಇಷ್ಟೆಲ್ಲ ತಲೆಬಿಸಿ ಯಾಕೆ, ಈಗಿನ ಪ್ರೊಸೆಸರು ಬಿಸಿಯಾದರೆ ತಾನೇ ನಿಧಾನವಾಗುತ್ತದಲ್ಲ?’ ಎಂದು ಕೇಳಬಹುದು. ಆಗುತ್ತದೆ, ಸುಡುವುದಿಲ್ಲ. ಆದರೆ ದುಡ್ಡು ಕೊಟ್ಟು ಕೊಂಡ ವೇಗವನ್ನು ಅದು ಸದ್ದಿಲ್ಲದೆ ಹಿಂದಕ್ಕೆ ಪಡೆಯುತ್ತದೆ. ಇಂಟೆಲ್ 2015ರಿಂದ ತನ್ನ ಕೆ ಸರಣಿಯ ಡಬ್ಬಿಯಲ್ಲಿ ಕೂಲರ್ ಇಡುವುದನ್ನೇ ನಿಲ್ಲಿಸಿದ್ದರಿಂದ ಈ ಹೊಣೆ ಈಗ ಕೊಳ್ಳುವವರದೇ. ‘ಹಾಗಾದರೆ ನೀರಿನ ಕೂಲರೇ ಒಳ್ಳೆಯದಲ್ಲವೇ?’ ಎಂಬುದು ಇನ್ನೂ ಬಲವಾದ ಆಕ್ಷೇಪ. ಡೆನ್ಮಾರ್ಕಿನ ಅಸೆಟೆಕ್ ತಯಾರಿಸಿ ಕೋರ್ಸೇರ್ 2009ರಲ್ಲಿ ಮಾರಿದ ಎಚ್50ರ ನಂತರ, ತುಂಬಿಸಿ ಮುಚ್ಚಿದ ನೀರಿನ ಕೂಲರು ಯಾರೂ ಕೂರಿಸಬಲ್ಲ ಸಾಮಾನಾಯಿತು. 250 ವಾಟನ್ನು ಗಂಟೆಗಟ್ಟಲೆ ಉರಿಸುವ ಚಿಪ್ಪಿಗೆ 360 ಮಿಲಿಮೀಟರಿನ ರೇಡಿಯೇಟರು ಮೇಲು, ಒಪ್ಪಿಕೊಳ್ಳುತ್ತೇನೆ. ಆದರೆ ನೀರೂ ಕೊನೆಗೆ ಬಿಸಿಯನ್ನು ಒಪ್ಪಿಸುವುದು ಅದೇ ಕೋಣೆಯ ಗಾಳಿಗೆ, ಅದೂ ಸವೆಯುವ ಒಂದು ಪಂಪಿನ ನೆರವಿನಿಂದ. ಗ್ರೋವರ್ ಹಠ ಹಿಡಿದು ತೊಡೆದುಹಾಕಿದ್ದೂ ಆ ಪಂಪನ್ನೇ. ಕೋಣೆಯ ಗಾಳಿ ಎಂದಾಗ ನಮ್ಮ ಊರುಗಳೂ ನೆನಪಾಗಬೇಕು. ವಿದೇಶದಲ್ಲಿ 22 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ 80 ಡಿಗ್ರಿ ತೋರಿಸಿದ ಕೂಲರು, ಮೇ ತಿಂಗಳಲ್ಲಿ ಕಲಬುರಗಿಯ ಅಥವಾ ರಾಯಚೂರಿನ 38 ಡಿಗ್ರಿಯ ಕೋಣೆಯಲ್ಲಿ ಅದೇ ಹೊರೆಗೆ 95ರ ಆಚೀಚೆ ಮುಟ್ಟುತ್ತದೆ. ನೀರಿನದಾದರೂ ಗಾಳಿಯದಾದರೂ ಈ ಏರಿಕೆ ತಪ್ಪದು. ಅಲ್ಲಿನವರಿಗೆ ಕ್ಯಾಬಿನೆಟ್ಟಿನ ಹಿಂದಿನ ಫ್ಯಾನು ಮತ್ತು ಧೂಳು ಒರೆಸುವ ಬ್ರಶ್ಶು ದೊಡ್ಡ ರೇಡಿಯೇಟರಿಗಿಂತ ಮೊದಲ ಖರ್ಚಾಗಬೇಕು.

ಈಗಿನ ಇಕ್ಕಟ್ಟು ಎಲ್ಲಿದೆ? ಸಿಲಿಕಾನಿನ ಒಳಗೇ. ಎಎಂಡಿಯ ರೈಜನ್ 7000 ಸರಣಿಯಲ್ಲಿ ಎಂಟು ಕೋರುಗಳು ಸುಮಾರು 70 ಚದರ ಮಿಲಿಮೀಟರಿನಲ್ಲಿ ಕಿಕ್ಕಿರಿದಿವೆ. ಹೊರೆ ಬಿದ್ದರೆ 95 ಡಿಗ್ರಿವರೆಗೆ ಹೋಗಲೆಂದೇ ಅವನ್ನು ರೂಪಿಸಿದ್ದಾರೆ. ಮೇಲೆ ಎಂಥ ಗೋಪುರವಿದ್ದರೂ ಆ ಚುಕ್ಕೆಯಿಂದ ಬಿಸಿ ಹೊರಬೀಳುವ ವೇಗಕ್ಕೆ ಮಿತಿಯಿದೆ. ಎಎಂಡಿಯದೇ ಆದ 2022ರ 5800ಎಕ್ಸ್3ಡಿ ಪ್ರೊಸೆಸರಿನಲ್ಲಿ ಹೆಚ್ಚುವರಿ ಕ್ಯಾಶ್ ಮೆಮರಿಯ ಪದರವನ್ನು ಕೋರುಗಳಿರುವ ತುಂಡಿನ ಮೇಲೆ ಪೇರಿಸಿದ್ದರು. ಬಿಸಿಗೆ ಅದು ಅಡ್ಡಗೋಡೆಯಾಗಿ, ವೇಗವನ್ನು ತಗ್ಗಿಸಬೇಕಾಯಿತು. 2024ರ 9800ಎಕ್ಸ್3ಡಿಯಲ್ಲಿ ಅದೇ ಪದರವನ್ನು ಕೋರುಗಳ ಕೆಳಗೆ ಇಟ್ಟರು. ಕೋರುಗಳು ಕೂಲರಿಗೆ ಹತ್ತಿರವಾದವು, ಮೂಲ ವೇಗ ಹಿಂದಿನ 7800ಎಕ್ಸ್3ಡಿಯ 4.2 ಗಿಗಾಹರ್ಟ್ಸಿನಿಂದ 4.7ಕ್ಕೆ ಏರಿತು. 7800ಎಕ್ಸ್3ಡಿಗೂ 9800ಎಕ್ಸ್3ಡಿಗೂ ಸಾಕೆಟ್ಟು ಒಂದೇ, ಮೇಲೆ ಕೂರುವ ಕೂಲರೂ ಒಂದೇ.