ಕೊಟ್ಟ ರಕ್ತ, ಕೊಟ್ಟ ಮಾತು



ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ತಳದಲ್ಲಿ ಹವಸುಪಾಯ್ ಎಂಬ ಪುಟ್ಟ ಬುಡಕಟ್ಟು ವಾಸವಾಗಿದೆ. ಆ ಜನರಲ್ಲಿ ಸಕ್ಕರೆ ಕಾಯಿಲೆ ವಿಪರೀತ. 1990ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬಂದು, ಕಾರಣ ಹುಡುಕಲು ರಕ್ತ ಬೇಕೆಂದರು. ಜನ ನಂಬಿ ತೋಳು ಚಾಚಿದರು.

2003ರಲ್ಲಿ ಅದೇ ಬುಡಕಟ್ಟಿನ ಕಾರ್ಲೆಟಾ ಟಿಲೂಸಿ ಆ ವಿಶ್ವವಿದ್ಯಾಲಯದಲ್ಲಿ ಒಂದು ಪಿಎಚ್.ಡಿ. ಪ್ರಬಂಧದ ಮಂಡನೆ ಕೇಳಲು ಕೂತರು. ಆಗ ಗುಟ್ಟು ರಟ್ಟಾಯಿತು. ಸ್ಕಿಜೋಫ್ರೇನಿಯಾ ಎಂಬ ಮನೋರೋಗ, ರಕ್ತಸಂಬಂಧಿಗಳ ನಡುವಿನ ಸಂತಾನ, ಪೂರ್ವಜರ ವಲಸೆ, ಇವುಗಳ ಅಧ್ಯಯನಕ್ಕೂ ಆ ರಕ್ತ ಬಳಕೆಯಾಗಿತ್ತು. ಕಣಿವೆಯೇ ತಮ್ಮ ಹುಟ್ಟುನೆಲವೆಂದು ನಂಬಿದವರ ವಿರುದ್ಧ ಅವರದೇ ರಕ್ತ ಸಾಕ್ಷಿ ನುಡಿದಿತ್ತು.

ಸಹಿ ಹಾಕಿಸಿರಲಿಲ್ಲವೇ? ಹಾಕಿಸಿದ್ದರು. ಬಾಯಲ್ಲಿ ಹೇಳಿದ್ದು ಸಕ್ಕರೆ ಕಾಯಿಲೆ. ಕಾಗದದಲ್ಲಿದ್ದದ್ದು ವರ್ತನೆಯ ಹಾಗೂ ವೈದ್ಯಕೀಯ ತೊಂದರೆಗಳೆಂಬ ಊರಗಲದ ಮಾತು. ವ್ಯಾಜ್ಯ ನಡೆದು, 2010ರಲ್ಲಿ ವಿಶ್ವವಿದ್ಯಾಲಯ 41 ಮಂದಿಗೆ ಒಟ್ಟು 7 ಲಕ್ಷ ಡಾಲರ್ ಕೊಡಲು, ಉಳಿದ ರಕ್ತವನ್ನು ಮರಳಿಸಲು ಒಪ್ಪಿತು.

ಬಾಯಿಮಾತಿಗೂ ಬರಹಕ್ಕೂ ನಡುವಿನ ಈ ಸಂದಿಯೇ ಜೈವಿಕ ನೀತಿತಜ್ಞರ ಕಾರ್ಯಕ್ಷೇತ್ರ. ಅದರಲ್ಲೂ ವಂಶವಾಹಿಯ ವಿಷಯ ಸೂಕ್ಷ್ಮ: ರಕ್ತ ಒಬ್ಬರದು, ಅದು ಹೇಳುವ ಸುದ್ದಿ ಒಡಹುಟ್ಟಿದವರದೂ ಮಕ್ಕಳದೂ. ಫ್ರೀಜರಿನಲ್ಲಿಟ್ಟ ಮಾದರಿಯಿಂದ ನಾಳೆ ಹೊಸದೇನನ್ನೋ ತಿಳಿಯಬೇಕೆನಿಸಿದರೆ ಮತ್ತೆ ಅನುಮತಿ ಕೇಳಬೇಕೆ? ಹುಡುಕದೇ ಇದ್ದ ಕಾಯಿಲೆಯೊಂದು ಕಣ್ಣಿಗೆ ಬಿದ್ದರೆ ತಿಳಿಸಬೇಕೆ? ರಕ್ತ ತೆಗೆಯುವ ಮೊದಲೇ ಇವನ್ನು ಎತ್ತುವುದು ಅವರ ಕೆಲಸ.

ಇದಕ್ಕೆ ಡಾಕ್ಟರೇ ಆಗಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಸಮಿತಿಯಲ್ಲಿ ವೈದ್ಯರ ಜೊತೆಗೆ ಕಾನೂನು ಬಲ್ಲವರು, ಸಮಾಜವಿಜ್ಞಾನ ಅಥವಾ ತತ್ತ್ವಶಾಸ್ತ್ರ ಓದಿದವರು, ಜನಸಾಮಾನ್ಯರೊಬ್ಬರು ಕೂತಿರಬೇಕು. ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಇಂಥ ಪ್ರಶ್ನೆಗಳಿಗೆಂದೇ ನೀತಿಶಾಸ್ತ್ರ ಕೇಂದ್ರವಿದೆ. 10,000 ಭಾರತೀಯರ ಜೀನೋಮ್ ಓದಿದ 'ಜೀನೋಮ್ ಇಂಡಿಯಾ' ಯೋಜನೆಯ ಸಮನ್ವಯವಂತೂ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದಿಂದ. ಹಾಗಾಗಿ ನೀತಿತಜ್ಞರಿಗೆ ಕೆಲಸಕ್ಕೆ ಕೊರತೆಯಿಲ್ಲ.

ಈ ವೃತ್ತಿಗೆ ಬರುವವರಿಗೆ ಕನ್ನಡವೂ ಒಂದು ಹತಾರ. 'ಜೈವಿಕ ಮಾದರಿಯ ದ್ವಿತೀಯಕ ಬಳಕೆಗೆ ಸಮ್ಮತಿ' ಎಂದು ಬರೆದರೆ ಸಹಿ ಬೀಳುತ್ತದೆ, ಅರ್ಥ ತಲುಪುವುದಿಲ್ಲ. 'ನಿಮ್ಮ ರಕ್ತವನ್ನು ಮುಂದೆ ಬೇರೆ ಅಧ್ಯಯನಕ್ಕೂ ಬಳಸಬಹುದು. ಬೇಡವೆಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ' ಎಂದು ಬರೆದರೆ, ಓದಿದವರು 'ಬೇಡ' ಅನ್ನಲೂಬಹುದು. ಹಾಗೆ ಅನ್ನಲು ಜಾಗವಿದ್ದಾಗಲೇ ಅವರ 'ಹೂಂ'ಗೆ ಬೆಲೆ.