ಔಷಧಿಯ ಖರ್ಚಿಗೆ ಒಂದು ಮೇರೆ
(ಗ್ರಾಮದ ಸಮುದಾಯ ಭವನದಲ್ಲಿ ಮಾಡಿದ ಭಾಷಣ)



ಈ ದಿನ ನಾನು ಆಡಬೇಕೆಂದಿರುವುದು ಕಾಯಿಲೆಯ ಮಾತಲ್ಲ. ಕಾಯಿಲೆಯಿಂದ ಎದ್ದು ಮನೆಗೆ ಬಂದ ಮೇಲಿನ ಮಾತು. ನಾನು ವೈದ್ಯನಲ್ಲ. ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ಕುಳಿತು ಚೀಟಿ ಓದಿದವನು. ಆದ್ದರಿಂದ ನನ್ನ ಮಾತು ಹಣದ ಕಡೆಯಿಂದಲೇ ಬರುತ್ತದೆ, ಮನ್ನಿಸಬೇಕು.

ನಮ್ಮ ಕಡೆಯ ರೈತರೊಬ್ಬರಿಗೆ ಎದೆನೋವು ಬಂದು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಆಯುಷ್ಮಾನ್ ಕಾರ್ಡ್ ಇದ್ದುದರಿಂದ ಆಸ್ಪತ್ರೆಯಲ್ಲಿ ಒಂದು ಕಾಸೂ ಖರ್ಚಾಗಲಿಲ್ಲ. ಹೊರಡುವಾಗ ಹದಿನೈದು ದಿನದ ಮಾತ್ರೆಯನ್ನೂ ಕೊಟ್ಟರು. ಆಮೇಲಿನದು ಅಂಗಡಿಯ ಲೆಕ್ಕ. ಎರಡು ತಿಂಗಳು ಕೊಂಡರು. ಮೂರನೆಯ ತಿಂಗಳು ಬಿತ್ತನೆ ಬಂತು. ಬೀಜ ಗೊಬ್ಬರಕ್ಕೆ ಹಣ ಹೋಯಿತು. "ಈಗ ಎದೆ ನೋಯುವುದಿಲ್ಲವಲ್ಲ ಸ್ವಾಮಿ, ರಾಗಿ ಮಾರಿದ ಮೇಲೆ ತೆಗೆದುಕೊಂಡು ಹೋಗುತ್ತೇನೆ" ಎಂದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಿದರೆ, ಸ್ಟೆಂಟಿನೊಳಗೇ ರಕ್ತ ಗಟ್ಟಿಯಾಗಿ ಪ್ರಾಣಕ್ಕೆ ಬರಬಹುದು. ನೋವಿಲ್ಲದಿರುವುದಕ್ಕೆ ಆ ಮಾತ್ರೆಯೂ ಒಂದು ಕಾರಣ ಎಂಬುದು ಅವರಿಗೆ ಹೊಳೆದಿರಲಿಲ್ಲ.

ನಿಮ್ಮ ಕಾರ್ಡಿಗೆ ವರ್ಷಕ್ಕೆ 5 ಲಕ್ಷ ರೂಪಾಯಿ ಎಂದು ಕೇಳಿದ್ದೀರಿ. ಆ ಮೇರೆ ಯಾರದು, ಯೋಚಿಸಿ ನೋಡಿ. ಅದು ಸರ್ಕಾರ ಕೊಡುವ ಹಣಕ್ಕೆ ಹಾಕಿದ ಮೇರೆ. ಕಾಯಿಲೆಯವನು ತನ್ನ ಕೈಯಿಂದ ಕೊಡುವ ಹಣಕ್ಕೆ ಯಾರೂ ಮೇರೆ ಹಾಕಿಲ್ಲ. ಒಡ್ಡು ಒಂದೇ ಕಡೆಗಿದ್ದರೆ ನೀರು ಇನ್ನೊಂದು ಕಡೆ ಹರಿದುಹೋಗುವುದಿಲ್ಲವೆ?

ಈ ಎರಡನೆಯ ಒಡ್ಡನ್ನು ಅಮೆರಿಕ ದೇಶದಲ್ಲಿ ಈಚೆಗೆ ಹಾಕಿದ್ದಾರೆ. ಅಲ್ಲಿ ವೃದ್ಧರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. ಅದರಲ್ಲಿ ಔಷಧಿಯ ಭಾಗ ಸೇರಿದ್ದು 2006ರಲ್ಲಿ. ಆದರೆ ಖರ್ಚು ಎಷ್ಟೇ ಏರಿದರೂ ರೋಗಿಯು ಬೆಲೆಯಲ್ಲಿ ನೂರಕ್ಕೆ ಐದರ ಪಾಲನ್ನು ಕೊಡುತ್ತಲೇ ಇರಬೇಕಿತ್ತು. ಕ್ಯಾನ್ಸರಿನ ದುಬಾರಿ ಮಾತ್ರೆಗಳಾದರೆ ಆ ಐದೇ ಸಾವಿರಾರು ಡಾಲರ್ ಆಗುತ್ತಿತ್ತು. 2022ರಲ್ಲಿ ಕಾನೂನು ಮಾಡಿ, ವಿಮೆಗೆ ಒಳಪಟ್ಟ ಔಷಧಿಗೆ ರೋಗಿಯು ವರ್ಷಕ್ಕೆ ಕೊಡುವುದು 2025ರಲ್ಲಿ 2,000 ಡಾಲರ್ ಮೀರಬಾರದೆಂದು ಗೊತ್ತುಮಾಡಿದರು. 2026ಕ್ಕೆ ಅದು 2,100. ಆ ಹಣವನ್ನೂ ತಿಂಗಳ ಕಂತಾಗಿ ಕಟ್ಟಬಹುದು. ಅಷ್ಟು ದೊಡ್ಡ ಮೊತ್ತ ನಮಗೆ ಹೊಂದುವುದಿಲ್ಲ, ನಿಜ. ಮೇರೆಯನ್ನು ರೋಗಿಯ ಕಡೆಗೆ ಹಾಕಿದ ಆ ಕ್ರಮವನ್ನು ಗಮನಿಸಿ ಎನ್ನುತ್ತೇನೆ.

ನಮ್ಮಲ್ಲಿ ಬೆಲೆಗೆ ಕಟ್ಟು ಹಾಕುವ ಪದ್ಧತಿ ಉಂಟು. ಔಷಧಿ ಲೇಪಿಸಿದ ಸ್ಟೆಂಟಿಗೆ 2017ರಲ್ಲಿ 29,600 ರೂಪಾಯಿ ಎಂದು ಕಟ್ಟು ಹಾಕಿದರು. ಅದಕ್ಕೆ ಮೊದಲು ಲಕ್ಷ ದಾಟುತ್ತಿತ್ತು. ಅಗತ್ಯ ಔಷಧಿಗಳಿಗೂ 2013ರ ಆದೇಶದಂತೆ ಗರಿಷ್ಠ ಬೆಲೆ ಇದೆ. ಇದು ದೊಡ್ಡ ಉಪಕಾರವೇ. ಆದರೂ ಒಂದೊಂದು ಮಾತ್ರೆಗೆ ಬೆಲೆ ಕಟ್ಟಿದ ಮಾತ್ರಕ್ಕೆ ಐದಾರು ಮಾತ್ರೆ ನುಂಗುವ ಮನೆಯ ಒಟ್ಟು ಖರ್ಚಿಗೆ ಕಟ್ಟು ಬೀಳುವುದಿಲ್ಲ. ಆಸ್ಪತ್ರೆಯ ವಿಮೆಯನ್ನು ತಿಂಗಳ ಮಾತ್ರೆಗೂ ಚಾಚಬೇಕು ಎಂಬುದೇ ನನ್ನ ಅಭಿಪ್ರಾಯ.

ಅದು ಬರುವವರೆಗೆ ಕಾಯುತ್ತ ಕೂರುವುದಕ್ಕಾಗದು. ಕಾರ್ಡಿನ ನಿಯಮದಂತೆ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನ, ಇವುಗಳ ಔಷಧಿ ಪರೀಕ್ಷೆಗಳೂ ಪ್ಯಾಕೇಜಿನಲ್ಲೇ ಸೇರಿವೆ. "ಹೊರಗಿನಿಂದ ಕೊಂಡು ತನ್ನಿ" ಎಂದರೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿರಿ, ಇಲ್ಲವೆ 14555ಕ್ಕೆ ಫೋನ್ ಮಾಡಿರಿ. ನಮ್ಮ ರಾಜ್ಯದಲ್ಲಿ ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂಬುದನ್ನೂ ಮರೆಯಬೇಡಿ. ಎಪಿಎಲ್ ಕುಟುಂಬದವರ ಲೆಕ್ಕ ಬೇರೆ. ಅವರಿಗೆ ಸರ್ಕಾರ ಕೊಡುವುದು ಪ್ಯಾಕೇಜಿನ ನೂರಕ್ಕೆ ಮೂವತ್ತು ಮಾತ್ರ.

ಆಮೇಲಿನ ತಿಂಗಳುಗಳಿಗೆ ಮೊದಲು ಹೋಗತಕ್ಕದ್ದು ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಗೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ಅಲ್ಲಿ ಉಚಿತ. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೇ ಬಂದು ತಪಾಸಣೆ ಮಾಡುತ್ತಾರೆ; ನಿಮ್ಮ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಅಲ್ಲಿ ಸಿಕ್ಕದ್ದಕ್ಕೆ ಜನೌಷಧಿ ಕೇಂದ್ರವುಂಟು. ಆದರೆ ಒಂದು ಎಚ್ಚರಿಕೆ: ಮಾತ್ರೆಯ ಬಣ್ಣ ಒಂದೇ ಎಂದು ನೀವಾಗಿ ಬದಲಾಯಿಸಬೇಡಿ. ಕಂಪನಿಯ ಹೆಸರು ಬೇಡ, ಔಷಧಿಯ ಮೂಲ ಹೆಸರನ್ನು ಬರೆದುಕೊಡಿ ಎಂದು ವೈದ್ಯರನ್ನೇ ಕೇಳಿರಿ. ಇದರಲ್ಲಿ ಸಂಕೋಚವೇಕೆ? ಎತ್ತು ಕೊಳ್ಳುವಾಗ ಹಲ್ಲು ಎಣಿಸುವವರು ನಾವು.

ಆ ರೈತರ ವಿಷಯ ಹೇಳುವುದು ಉಳಿಯಿತು. ನಾಲ್ಕು ದಿನ ಮಾತ್ರೆ ತಪ್ಪಿದ ಮೇಲೆ ಅವರ ಮಗಳಿಗೆ ಗೊತ್ತಾಗಿ, ಬಿಡುಗಡೆ ಪತ್ರ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಳು. ವೈದ್ಯರು ಗದರಿಸಿದರಂತೆ. ಆಮೇಲೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟಾರ್ವಸ್ಟಾಟಿನ್ ಎಂದು ಮೂಲ ಹೆಸರಿನಲ್ಲೇ ಬರೆದುಕೊಟ್ಟರು. ಅವುಗಳಲ್ಲಿ ಎರಡು ಆಸ್ಪತ್ರೆಯಲ್ಲೇ ಸಿಕ್ಕಿದವು, ಒಂದನ್ನು ಜನೌಷಧಿಯಲ್ಲಿ ಕೊಂಡರು. ಆ ತಿಂಗಳಿಂದ ಅವರು ನನ್ನ ಅಂಗಡಿಗೆ ಬರುವುದು ನಿಂತಿತು. ವ್ಯಾಪಾರಕ್ಕೆ ನಷ್ಟವೇ, ಬಸ್ ನಿಲ್ದಾಣದಲ್ಲಿ ಕಂಡಾಗಲೆಲ್ಲ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸುತ್ತಾರೆ.