ಕರ್ಮ ತಾನಾಗಿ ಬರಲ್ಲ ಸ್ವಾಮಿ!



ಚಿತ್ರದುರ್ಗದ ಗಾಂಧಿ ಸರ್ಕಲ್‌ನಲ್ಲಿ ನಿಂತು ಮಾತಾಡಿ, ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಮಾತಾಡಿ, ಹೊಸದುರ್ಗದ, ಹೊಳಲ್ಕೆರೆಯ ಟೀ ಅಂಗಡಿಯಲ್ಲಿ ಕೂತು ಮಾತಾಡಿ. ರಾಜಕಾರಣಿಗಳು ಸರ್ಕಾರದ ದುಡ್ಡು ಹೇಗೆ ಖರ್ಚು ಮಾಡ್ತಾರೆ ಅನ್ನೋ ವಿಷಯ ತೆಗೆದರೆ ಸಾಕು, ಎಲ್ಲರಿಗೂ ಹೇಳೋಕೆ ಒಂದೊಂದು ಕಥೆ ಇರುತ್ತೆ. ಕೊನೆಗೆ ಒಬ್ಬರು ಹಿರಿಯರು ಲೋಟ ಕೆಳಗಿಟ್ಟು, "ಬಿಡಪ್ಪ, ಮಾಡಿದ್ದುಣ್ಣೋ ಮಹಾರಾಯ" ಅಂತಾರೆ. ಎಲ್ಲರೂ ಎದ್ದು ಹೋಗ್ತಾರೆ. ಅಲ್ಲಿಗೆ ವಿಷಯ ಮುಗೀತು.

ಇವತ್ತು ನಾನು ಆ ಹಿರಿಯರಿಗೇ ಒಂದು ಪ್ರಶ್ನೆ ಕೇಳ್ತೀನಿ. ಯಜಮಾನ್ರೇ, ಮಾಡಿದವನು ಉಣ್ಣಬೇಕು, ಸರಿ. ಆದರೆ ಬಡಿಸೋರು ಯಾರು?

ಒಂದು ಉದಾಹರಣೆ ನೋಡಿ. ಬಿಹಾರದ ಅನಿಲ್ ಕುಮಾರ್ ಸಹನಿ ರಾಜ್ಯಸಭಾ ಸದಸ್ಯರಾಗಿದ್ದವರು. ಸಂಸದರಿಗೆ ವಿಮಾನ ಪ್ರಯಾಣದ ವೆಚ್ಚವನ್ನು ಸರ್ಕಾರವೇ ಕೊಡುತ್ತದೆ. ಅದಕ್ಕಾಗಿ ನಕಲಿ ಟಿಕೆಟ್, ನಕಲಿ ಬೋರ್ಡಿಂಗ್ ಪಾಸ್ ಸೃಷ್ಟಿಸಿ, ಮಾಡದ ಪ್ರಯಾಣಕ್ಕೆ ಬಿಲ್ ಸಲ್ಲಿಸಿದರು ಅನ್ನೋದು ಪ್ರಕರಣ. ಮೊತ್ತ 23 ಲಕ್ಷ ರೂಪಾಯಿಗೂ ಹೆಚ್ಚು. 2013ರಲ್ಲಿ ಸಿಬಿಐ ಕೇಸು ದಾಖಲಿಸಿತು. 2022ರಲ್ಲಿ ದಿಲ್ಲಿಯ ವಿಶೇಷ ನ್ಯಾಯಾಲಯ ಮೂರು ವರ್ಷ ಶಿಕ್ಷೆ ವಿಧಿಸಿತು. ಅಷ್ಟೊತ್ತಿಗೆ ಅವರು ಕುಢನಿ ಕ್ಷೇತ್ರದ ಶಾಸಕರು. ಶಾಸಕ ಸ್ಥಾನವೂ ಹೋಯಿತು, ಉಪಚುನಾವಣೆಯೂ ನಡೆಯಿತು.

ಇದನ್ನ ಕರ್ಮಫಲ ಅಂತೀರಾ? ಅನ್ನಿ. ಆದರೆ ಆ ಫಲ ಆಕಾಶದಿಂದ ಉದುರಲಿಲ್ಲ. ಯಾರೋ ಒಬ್ಬರು ಆ ಬೋರ್ಡಿಂಗ್ ಪಾಸ್ ತಗೊಂಡು, ಈ ಮನುಷ್ಯ ನಿಜಕ್ಕೂ ವಿಮಾನ ಹತ್ತಿದ್ದಾನಾ ಅಂತ ತಾಳೆ ನೋಡಿದರು. ಅಷ್ಟೇ. ತಾಳೆ ನೋಡದೆ ಇದ್ದಿದ್ದರೆ? ಬಿಲ್ ಪಾಸ್, ಕರ್ಮವೂ ಪಾಸ್!

ಲಂಡನ್ನಿನಲ್ಲೂ ಇದೇ ಕಥೆ. 2009ರ ಮೇ ತಿಂಗಳಲ್ಲಿ ಅಲ್ಲಿನ ಒಂದು ಪತ್ರಿಕೆ ಸಂಸದರ ಖರ್ಚಿನ ಬಿಲ್‌ಗಳನ್ನು ದಿನಾ ಅಚ್ಚು ಹಾಕೋಕೆ ಶುರು ಮಾಡಿತು. ಸರ್ ಪೀಟರ್ ವಿಗ್ಗರ್ಸ್ ಅನ್ನೋ ಸಂಸದರು ತಮ್ಮ ಕೊಳದ ಬಾತುಕೋಳಿಗಳಿಗೆ ಗೂಡು ಕಟ್ಟಿಸಿ 1,645 ಪೌಂಡ್ ಕೇಳಿದ್ದರು. ಆ ದುಡ್ಡು ಅವರಿಗೆ ಮಂಜೂರೂ ಆಗಿರಲಿಲ್ಲ ರೀ! ಆದರೂ ಅದೊಂದು ಬಿಲ್ ಅವರ ರಾಜಕೀಯವನ್ನೇ ಮುಗಿಸಿತು. ಡೇವಿಡ್ ಚೇಟರ್ ಅನ್ನೋ ಇನ್ನೊಬ್ಬರು ಸ್ವಂತ ಫ್ಲ್ಯಾಟಿಗೇ ಬಾಡಿಗೆ ತೋರಿಸಿದ್ದರು. ಅವರಿಗೆ 18 ತಿಂಗಳ ಜೈಲು ಶಿಕ್ಷೆ. ಸ್ಪೀಕರ್ ಮೈಕೆಲ್ ಮಾರ್ಟಿನ್ ಕುರ್ಚಿ ಬಿಡಬೇಕಾಯಿತು. ಹಾಗೆ ಒತ್ತಡಕ್ಕೆ ಮಣಿದು ಸ್ಪೀಕರ್ ಒಬ್ಬರು ಇಳಿದದ್ದು ಮುನ್ನೂರು ವರ್ಷಗಳಲ್ಲಿ ಅದೇ ಮೊದಲು. ಇಷ್ಟಕ್ಕೆಲ್ಲ ಹಿನ್ನೆಲೆ ಏನು? ಹೆದರ್ ಬ್ರೂಕ್ ಎಂಬ ಪತ್ರಕರ್ತೆ ವರ್ಷಗಟ್ಟಲೆ ಬೆನ್ನುಹತ್ತಿ, ಮಾಹಿತಿ ಕೊಡಿ ಅಂತ ಕೋರ್ಟಿನವರೆಗೂ ಹೋಗಿದ್ದರು.

ನಮ್ಮಲ್ಲಿ? 2016ರ ಬೆಂಗಳೂರು ಮೇಯರ್ ಚುನಾವಣೆ ನೆನಪಿಸಿಕೊಳ್ಳಿ. ಹೊರ ಜಿಲ್ಲೆಗಳ ಎಂಟು ಜನ ವಿಧಾನ ಪರಿಷತ್ ಸದಸ್ಯರು ಬೆಂಗಳೂರಿನ ವಿಳಾಸ ತೋರಿಸಿ ಮತದಾರರ ಪಟ್ಟಿಗೆ ಸೇರಿದ್ದಾರೆ, ಆದರೆ ಪ್ರಯಾಣ ಭತ್ಯೆ ಕೇಳುವಾಗ ತಮ್ಮ ಊರಿನ ವಿಳಾಸ ಕೊಟ್ಟಿದ್ದಾರೆ ಅನ್ನೋ ಆರೋಪ ಬಂತು. ಆರೋಪ ಆರೋಪವೇ, ತೀರ್ಪು ಕೊಡೋಕೆ ನಾನು ಜಡ್ಜ್ ಅಲ್ಲ. ಆದರೆ ಓಟಿಗೆ ಒಂದು ಊರು, ಭತ್ಯೆಗೆ ಇನ್ನೊಂದು ಊರು ಇದೆಯಾ ಅನ್ನೋ ಅನುಮಾನ ಹುಟ್ಟಿದ್ದು ಹೇಗೆ? ಎರಡು ಕಾಗದ ಅಕ್ಕಪಕ್ಕ ಇಟ್ಟು ನೋಡಿದ್ದರಿಂದ.

ಹಿರಿಯೂರಿನವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಹರಿದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಲೆಕ್ಕ ಹಾಕಿ, 89 ವರ್ಷ! ಕೋಡಿ ನೋಡೋಕೆ ಜನ ಮಾರಿಕಣಿವೆಗೆ ಜಾತ್ರೆಯಂತೆ ಹೋದರು. ದೇವರು ಕಣ್ಣು ಬಿಟ್ಟ ಅಂದರು. ಮಳೆ ಬಂತು, ನಿಜ. ಆದರೆ ಅದಕ್ಕೆ ಮುಂಚೆ ಭದ್ರೆಯ ನೀರನ್ನು ಈ ಜಲಾಶಯಕ್ಕೆ ಹರಿಸಿದ್ದರಲ್ಲ? ಆ ನೀರು ಬರಲಿ ಅಂತ ಈ ಜಿಲ್ಲೆಯ ರೈತರು ಎಷ್ಟು ವರ್ಷ ಧರಣಿ ಕೂತಿದ್ದರು? ಮಳೆ ದೇವರದ್ದು, ಕಾಲುವೆ ಮನುಷ್ಯರದ್ದು. ಕರ್ಮದ ಲೆಕ್ಕವೂ ಹಾಗೇ. ತುಂಬುತ್ತಾ ಇರುತ್ತೆ, ಕಾಲುವೆ ತೋಡೋರು ಬೇಕು.

ಇನ್ನೊಂದು ಮಾತು. ಸೋತವರೆಲ್ಲ ಪಾಪಿಗಳಲ್ಲ. 1962ರಲ್ಲಿ ಇದೇ ಹೊಸದುರ್ಗದಲ್ಲಿ ಎಸ್. ನಿಜಲಿಂಗಪ್ಪ ಸೋತರು. ಅಂಥ ದೊಡ್ಡ ನಾಯಕ, ಸ್ವಂತ ಜಿಲ್ಲೆಯಲ್ಲಿ! ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಗೆದ್ದು ಬಂದ ಮೇಲೆ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ಮೂರೇ ತಿಂಗಳು! ನಿಜಲಿಂಗಪ್ಪನವರ ಆ ಸೋಲು ಯಾವ ಕರ್ಮದ ಫಲ ಸ್ವಾಮಿ? ಯಾವುದೂ ಅಲ್ಲ, ಅದು ಓಟು. 2000ನೇ ಇಸವಿಯ ಆಗಸ್ಟ್ 8ರಂದು ಅವರು ತೀರಿಕೊಂಡಾಗ ಈ ಜಿಲ್ಲೆ ನೆನೆದದ್ದು ಅವರ ಸೋಲನ್ನಲ್ಲ, ಸರಳತೆಯನ್ನು. ಹಾಗೆಯೇ ಗೆದ್ದವರೆಲ್ಲ ಪುಣ್ಯವಂತರೂ ಅಲ್ಲ. ಚುನಾವಣೆಯ ಫಲಿತಾಂಶ ಬೇರೆ, ಖರ್ಚಿನ ಲೆಕ್ಕ ಬೇರೆ. ಇವೆರಡನ್ನೂ ಒಂದು ಮಾಡಿದ್ದರಿಂದಲೇ "ಅವನು ಗೆದ್ದಿದ್ದಾನಲ್ಲ, ಇನ್ನೇನು ಕೇಳೋದು" ಅನ್ನೋ ಮಟ್ಟಕ್ಕೆ ಬಂದಿದ್ದೀವಿ.

ಈಗ ನಮ್ಮ ತಪ್ಪಿಗೂ ಬರ್ತೀನಿ. ಹೌದು, ಚಾನೆಲ್‌ನವರ ತಪ್ಪು. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಹನಿಟ್ರ್ಯಾಪ್ ಗದ್ದಲ. ಕಾಗದ ಹರಿದು ಎಸೆದರು, 18 ಶಾಸಕರು ಸಸ್ಪೆಂಡ್ ಆದರು. ಅದೇ ಗದ್ದಲದ ನಡುವೆ ಶಾಸಕರ ವೇತನ ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯ ವೇತನ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸೋ ಮಸೂದೆ ಪಾಸಾಯಿತು. ಚರ್ಚೆ ಇಲ್ಲ. ವೇತನ ಏರಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ, ಅದು ಕಾನೂನು ಪ್ರಕಾರವೇ ಆದದ್ದು. ಆದರೆ ನಿಮ್ಮ ಟಿವಿ ನಿಮಗೆ ಯಾವುದನ್ನ ದಿನವಿಡೀ ತೋರಿಸಿತು? ಹರಿದ ಕಾಗದ. ಪಾಸಾದ ಕಾಗದ ಎಷ್ಟು ನಿಮಿಷ ಬಂತು? ನಾವೇ ಎದೆ ಮುಟ್ಟಿಕೊಂಡು ಹೇಳಬೇಕು.

ಹಾಗಾದರೆ ನೀವೇನು ಮಾಡಬಹುದು? ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಿಮ್ಮ ಕೈಯಲ್ಲಿದೆ. ಅರ್ಜಿ ಶುಲ್ಕ ಹತ್ತು ರೂಪಾಯಿ, ಒಂದು ಟೀ ದುಡ್ಡು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ, ಅದಕ್ಕೂ ಬಗ್ಗದಿದ್ದರೆ ಮಾಹಿತಿ ಆಯೋಗ. ವಿಧಾನಸೌಧದಿಂದಲೇ ಶುರು ಮಾಡಬೇಕು ಅಂತೇನಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ವೋಚರ್ ಕೇಳಿ. ಸರ್ಕಾರಿ ಜೀಪಿನ ಲಾಗ್ ಬುಕ್ ಕೇಳಿ. ಡೀಸೆಲ್ ಹಾಕಿಸಿದ ದಿನ ಜೀಪು ಎಲ್ಲಿತ್ತು ಅಂತ ತಾಳೆ ನೋಡಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಕೋಪದಿಂದ ಬೇಡ, ಲೆಕ್ಕ ಕೇಳೋ ಮನೆಯ ಹಿರಿಯರ ಹಾಗೆ ಕೇಳಿ. ಲೆಕ್ಕ ಸರಿ ಇದ್ದರೆ "ಸರಿ ಇದೆ ಕಣಪ್ಪ" ಅಂತ ಊರಿಗೆಲ್ಲ ಹೇಳಿ. ಪ್ರಾಮಾಣಿಕನಿಗೆ ಅದಕ್ಕಿಂತ ದೊಡ್ಡ ಸನ್ಮಾನ ಇಲ್ಲ.

ಕರ್ಮ ಅಂದರೆ ಮೂಲದಲ್ಲಿ ಕೆಲಸ ಅಂತಲೇ ಅರ್ಥ. ಕಳ್ಳ ಬಿಲ್ಲಿಗೆ ಸಹಿ ಹಾಕಿದ್ದು ಅವನ ಕರ್ಮ. ನೋಡಿಯೂ ಟೀ ಕುಡಿದು ಎದ್ದು ಹೋದದ್ದು? ಅದು ನಮ್ಮ ಕರ್ಮ. ಅದರ ಫಲವನ್ನೂ ನಾವೇ ಉಣ್ತಾ ಇದ್ದೀವಿ. ಗುಂಡಿ ಬಿದ್ದ ರಸ್ತೆಯಲ್ಲಿ, ಔಷಧಿ ಇಲ್ಲದ ಆಸ್ಪತ್ರೆಯಲ್ಲಿ, ಸೋರೋ ಶಾಲೆಯಲ್ಲಿ.

ಮುಂದಿನ ಸಲ ಆ ಹಿರಿಯರು "ಮಾಡಿದ್ದುಣ್ಣೋ ಮಹಾರಾಯ" ಅಂದಾಗ, ಎದ್ದು ಹೋಗಬೇಡಿ. "ಸರಿ ಯಜಮಾನ್ರೇ, ಅರ್ಜಿ ನಾನು ಬರೀತೀನಿ, ಸಹಿ ನೀವು ಹಾಕಿ" ಅನ್ನಿ.